‘ನಾನಾ’ ಎಂಬ ಷರಾ

ಸೈನಿಕರ ಪಿಂಚಣಿ ಕೇಸು ನಡೆಸುವ ವಕೀಲರ ನಡುವೆ ‘ನಾನಾ’ ಅನ್ನುವ ಮಾತೊಂದು ಚಾಲ್ತಿಯಲ್ಲಿದೆ. ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರ ಕೂಡಿಸಿ ಆದದ್ದು. ಅರ್ಥ ಇಷ್ಟೆ: ಈ ಕಾಯಿಲೆ ಸೇನಾ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ. ನಿವೃತ್ತಿಗೆ ಮುಂಚೆ ಕೂರುವ ಮೆಡಿಕಲ್ ಬೋರ್ಡಿನ ಕಾಗದದಲ್ಲಿ ಈ ಷರಾ ಬಿತ್ತೆಂದರೆ ಅಂಗವೈಕಲ್ಯ ಪಿಂಚಣಿಯ ಆಸೆ ಅಲ್ಲಿಗೆ ಮುಗಿಯಿತು. ಕನ್ನಡದ ಕಿವಿಗೆ ಮಾತ್ರ ಅದು ಬೇರೆಯೇ ಆಗಿ ಕೇಳುತ್ತದೆ. ಇಪ್ಪತ್ತನಾಲ್ಕು ವರ್ಷ ದುಡಿಸಿಕೊಂಡವರನ್ನು ‘ಇವರ ಬಿಪಿಗೆ ಯಾರು ಕಾರಣ’ ಎಂದು ಕೇಳಿದರೆ, ‘ಯಾರು, ನಾನಾ?’ ಎಂದು ಹುಬ್ಬೇರಿಸಿದ ಹಾಗೆ.

ಬೈಲಹೊಂಗಲ ಕಡೆಯ ಹವಾಲ್ದಾರರೊಬ್ಬರು 2018ರಲ್ಲಿ ನನ್ನ ಆಫೀಸಿಗೆ ಬಂದಿದ್ದರು. (ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.) 1982ರಲ್ಲಿ ಭರ್ತಿ, 2006ರಲ್ಲಿ ನಿವೃತ್ತಿ. ಬಿಡುಗಡೆಯ ಹೊತ್ತಿಗೆ ರಕ್ತದೊತ್ತಡ. ಬೋರ್ಡ್ ಅದನ್ನು ಜೀವನಪರ್ಯಂತ 30 ಪರ್ಸೆಂಟ್ ಅಂಗವೈಕಲ್ಯ ಎಂದು ಬರೆದು, ಕೆಳಗೆ ‘ನಾನಾ’ ಎಂದಿತ್ತು. ಹನ್ನೆರಡು ವರ್ಷ ಆ ಕಾಗದ ಅವರ ಟ್ರಂಕಿನಲ್ಲಿ ಮಡಿಚಿಟ್ಟಲ್ಲೇ ಇತ್ತು. ಕ್ಯಾಂಟೀನ್ ಸಾಲಿನಲ್ಲಿ ನಿಂತಿದ್ದಾಗ ಇನ್ನೊಬ್ಬ ಮಾಜಿ ಸೈನಿಕರು ಹೇಳಿದ ಮೇಲೆ ಎದ್ದು ಬಂದಿದ್ದರು.

“ವಕೀಲ ಸಾಹೇಬ್ರ, ಭರ್ತಿ ಆಗುವಾಗ ನನ್ನ ಹಲ್ಲು ಸೈತ ಎಣಿಸಿದ್ರು. ಪಾದ ಚಪ್ಪಟೆ ಐತೇನಂತ ನೋಡಿದ್ರು. ಬಿಪಿ ಇದ್ದಿದ್ರ ಒಳಗ ಬಿಡ್ತಿದ್ರೇನ್ರಿ?”

ಗೊತ್ತಿಲ್ಲದೆಯೇ ಅವರು ಇಡೀ ಕಾನೂನನ್ನು ಮೂರು ವಾಕ್ಯದಲ್ಲಿ ಹೇಳಿಬಿಟ್ಟಿದ್ದರು. ಅವರ ಕಾಲಕ್ಕೆ ಅನ್ವಯಿಸುತ್ತಿದ್ದ 1982ರ ನಿಯಮಾವಳಿ ಹೇಳುವುದೂ ಅದನ್ನೇ: ಸೇರುವಾಗ ಯಾವ ಕಾಯಿಲೆಯೂ ದಾಖಲಾಗಿಲ್ಲವೆಂದರೆ ಆ ಮನುಷ್ಯ ಆರೋಗ್ಯವಾಗಿಯೇ ಬಂದನೆಂದು ತಿಳಿಯಬೇಕು. ಆಮೇಲೆ ಆರೋಗ್ಯ ಕೆಟ್ಟು ಹೊರಬಿದ್ದರೆ ಅದು ಸೇವೆಯಿಂದಲೇ ಕೆಟ್ಟಿತೆಂದು ತಿಳಿಯಬೇಕು. ಅಲ್ಲ ಅನ್ನುವುದಾದರೆ ಅದನ್ನು ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಸಂದೇಹ ಉಳಿದರೆ ಅದರ ಲಾಭ ಸೈನಿಕನಿಗೆ.

ಈ ನಿಯಮಕ್ಕೆ ಜೀವ ಬಂದದ್ದು 2013ರ ಜುಲೈನಲ್ಲಿ, ಧರಂವೀರ್ ಸಿಂಗ್ ಪ್ರಕರಣದಲ್ಲಿ. 1985ರಲ್ಲಿ ಸಿಗ್ನಲ್ಸ್ ವಿಭಾಗ ಸೇರಿದ ಸಿಪಾಯಿ. ಒಂಬತ್ತು ವರ್ಷದ ಮೇಲೆ ಮೂರ್ಛೆರೋಗವೆಂದು ಮನೆಗೆ ಕಳಿಸಿದರು, 20 ಪರ್ಸೆಂಟ್ ಬರೆದು ಪಿಂಚಣಿ ಇಲ್ಲ ಎಂದರು. ಸುಪ್ರೀಂ ಕೋರ್ಟ್ ಕೇಳಿದ್ದು ಸರಳ ಪ್ರಶ್ನೆ. ಸೇರುವಾಗಲೇ ಈ ರೋಗ ಇತ್ತು ಅನ್ನುವುದಕ್ಕೆ ದಾಖಲೆ ಎಲ್ಲಿ? ತಪಾಸಣೆಯಲ್ಲಿ ಪತ್ತೆಯಾಗುವಂಥದ್ದಲ್ಲ ಅನ್ನುವುದಾದರೆ ಅದಕ್ಕೆ ಕಾರಣ ಎಲ್ಲಿ ಬರೆದಿದೆ? ಬರೆದಿರಲಿಲ್ಲ. ಅಂದಿನಿಂದ ನನ್ನಂಥವರ ಅರ್ಧ ಕೆಲಸ ಅಂದರೆ ಬೋರ್ಡಿನ ಕಾಗದದಲ್ಲಿ ‘ಕಾರಣ’ದ ಜಾಗದಲ್ಲಿ ಏನಿದೆ ಎಂದು ಹುಡುಕುವುದು.

ನಮ್ಮ ಹವಾಲ್ದಾರರ ಕಾಗದದಲ್ಲಿ ಕಾರಣ ಇತ್ತು: ‘ರೋಗ ಶುರುವಾದದ್ದು ಪೀಸ್ ಸ್ಟೇಷನ್ನಿನಲ್ಲಿ.’ ಈ ಸಾಲು ನೂರಾರು ಕಡತಗಳಲ್ಲಿ ಅಚ್ಚೊತ್ತಿದಂತೆ ಸಿಗುತ್ತದೆ. ಗಡಿಯಲ್ಲಿ ಇದ್ದಾಗ ಬಿಪಿ ಏರಿದ್ದರೆ ಒಪ್ಪುತ್ತಿದ್ದೆವು, ಮೈದಾನದ ಕಂಟೋನ್ಮೆಂಟಿನಲ್ಲಿ ಏನು ಒತ್ತಡ ಎಂಬ ತರ್ಕ. ಕಾಶ್ಮೀರ ಗಡಿಯ ಕುಪ್ವಾರದಲ್ಲಿ ಮೂರು ವರ್ಷ ಕಳೆದು ಬಂದವರ ರಕ್ತನಾಳಗಳು ರೈಲು ಇಳಿದ ತಕ್ಷಣ ಎಲ್ಲ ಮರೆತುಬಿಡುತ್ತವೆಯೇ? “ಪೀಸ್ ಅನ್ನೂದು ಹೆಸರಿಗಷ್ಟ ರೀ,” ಅಂದರು ಅವರು. ನ್ಯಾಯಮಂಡಳಿಗಳೂ ಈ ವಾದವನ್ನು ಮತ್ತೆ ಮತ್ತೆ ತಳ್ಳಿಹಾಕಿವೆ. ಆದರೂ ಸಾಲು ಬದಲಾಗಿಲ್ಲ.

ಹಣದ ಲೆಕ್ಕಕ್ಕೆ ಬರೋಣ. ಕೊನೆಯ ಸಂಬಳ ತಿಂಗಳಿಗೆ 40,000 ರೂಪಾಯಿ ಎಂದಿಟ್ಟುಕೊಳ್ಳಿ. ನೂರಕ್ಕೆ ನೂರು ಅಂಗವೈಕಲ್ಯವಿದ್ದರೆ ಅದರ 30 ಪರ್ಸೆಂಟ್, ಅಂದರೆ 12,000, ಸಾಮಾನ್ಯ ಪಿಂಚಣಿಯ ಮೇಲೆ ಸೇರುತ್ತದೆ. 30 ಪರ್ಸೆಂಟ್ ಅಂಗವೈಕಲ್ಯಕ್ಕೆ 3,600. ಆದರೆ 20ಕ್ಕಿಂತ ಕಡಿಮೆಯಲ್ಲದ, 50ಕ್ಕಿಂತ ಕಮ್ಮಿ ಇರುವ ಯಾವುದೇ ಅಂಕಿಯನ್ನು 50 ಎಂದು ಹಿಡಿಯಬೇಕು. 50ರಿಂದ 75ರವರೆಗಿನದು 75, ಅದರ ಮೇಲಿನದು 100. ಹಾಗಾಗಿ 3,600 ಇದ್ದದ್ದು 6,000 ಆಗುತ್ತದೆ. ಮೊದಲು ಸರ್ಕಾರ ಈ ಸೌಲಭ್ಯವನ್ನು ಕಾಯಿಲೆಯಿಂದಾಗಿ ನಡುವೆಯೇ ಹೊರಹಾಕಿಸಿಕೊಂಡವರಿಗೆ ಮಾತ್ರ ಕೊಡುತ್ತಿತ್ತು. ಕಾಯಿಲೆ ಇಟ್ಟುಕೊಂಡೇ ಅವಧಿ ಪೂರ್ತಿ ದುಡಿದವರಿಗೆ ಇಲ್ಲ! 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಭೇದವನ್ನು ತೆಗೆಯಿತು.

ಸರ್ಕಾರದ ಕಡೆಯ ಮಾತಿನಲ್ಲೂ ಹುರುಳಿಲ್ಲದಿಲ್ಲ. ನಿವೃತ್ತಿ ಹತ್ತಿರ ಬಂದಾಗ ಬಿಪಿ, ಸಕ್ಕರೆ ಕಾಯಿಲೆ ಬರೆಸಿಕೊಂಡು ಹೋಗುವ ಹಿರಿಯ ಅಧಿಕಾರಿಗಳ ಬಗ್ಗೆ ಸೇನೆಯೊಳಗೇ ಗೊಣಗಾಟವಿದೆ. ಅಂಗವೈಕಲ್ಯ ಪಿಂಚಣಿ ಪಡೆದು ನಿವೃತ್ತರಾಗುವವರ ಪ್ರಮಾಣ ಜವಾನರಿಗಿಂತ ಅಧಿಕಾರಿಗಳಲ್ಲೇ ಹೆಚ್ಚೆಂದು 2023ರ ಮಹಾಲೇಖಪಾಲರ ವರದಿಯೂ ಗುರುತಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊಸ ನಿಯಮಾವಳಿ ಬಂತು. 2008ರ ನಿಯಮಾವಳಿ ಆಗಲೇ ಸೈನಿಕನ ಪರವಾದ ಊಹೆಯನ್ನು ತೆಳುಮಾಡಿತ್ತು. ಹೊಸದು ಇನ್ನಷ್ಟು ಬಿಗಿಮಾಡಿತು, ಸೇವೆ ಪೂರೈಸಿದವರಿಗೆ ಸಿಗುವ ಮೊತ್ತಕ್ಕೆ ‘ಇಂಪೇರ್‌ಮೆಂಟ್ ರಿಲೀಫ್’ ಎಂಬ ಬೇರೆ ಹೆಸರಿಟ್ಟಿತು. ನನ್ನ ತಕರಾರು ಇಷ್ಟೆ. ದೊಡ್ಡವರ ಕಳ್ಳಾಟ ತಡೆಯಬೇಕಾದರೆ ತಪಾಸಣೆಯನ್ನು ಬಿಗಿ ಮಾಡಿ. ಸಾಬೀತಿನ ಹೊರೆಯನ್ನು ಹವಾಲ್ದಾರರ ತಲೆಗೆ ಹೊರಿಸಬೇಡಿ. ಅವರ ಆರೋಗ್ಯದ ಪ್ರತಿ ಕಾಗದವೂ ಇರುವುದು ಸೇನೆಯ ಕೈಯಲ್ಲಿ, ಅವರ ಕೈಯಲ್ಲಲ್ಲ.

ಪಿಂಚಣಿ ದೊರೆ ದಯಪಾಲಿಸುವ ಇನಾಮಲ್ಲ, ದುಡಿಮೆಯ ಹಕ್ಕು ಎಂದು ನಕಾರಾ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿದ್ದು 1982ರ ಡಿಸೆಂಬರ್ 17ರಂದು, ನಮ್ಮ ಹವಾಲ್ದಾರರು ಭರ್ತಿಯಾದ ವರ್ಷವೇ. ಸೈನಿಕರ ವಿಷಯದಲ್ಲಿ ಅದು ಇನ್ನೂ ನಿಜ. ಪಡೆ ಯಾವಾಗಲೂ ಎಳೆಯ ವಯಸ್ಸಿನದಾಗಿರಬೇಕೆಂದು ಸರ್ಕಾರವೇ ಅವರನ್ನು ನಲವತ್ತರ ಆಸುಪಾಸಿನಲ್ಲಿ ಮನೆಗೆ ಕಳಿಸುತ್ತದೆ. ಉಳಿದ ನೌಕರರು ಅರುವತ್ತರವರೆಗೆ ಸಂಬಳ ಎಣಿಸುತ್ತಾರೆ. ಡಿಸೆಂಬರ್ 7ರ ಧ್ವಜ ದಿನದಂದು ಅಂಗಿಗೆ ಪುಟ್ಟ ಬಾವುಟ ಚುಚ್ಚಿಕೊಂಡು ಹತ್ತು ರೂಪಾಯಿ ಹಾಕುವುದು ಒಳ್ಳೆಯದೇ. ಆದರೆ ಬಾಕಿ ತೀರಿಸುವುದು ಬೇರೆ, ಕಾಣಿಕೆ ಹಾಕುವುದು ಬೇರೆ.

ಬಾಕಿ ವಸೂಲಿಗೆ ಎಷ್ಟು ಅಲೆಯಬೇಕು ಗೊತ್ತೇ? ಮೊದಲ ಮೇಲ್ಮನವಿ, ಎರಡನೇ ಮೇಲ್ಮನವಿ, ಎರಡೂ ಸೇನೆಯೊಳಗೇ. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಡಿ ಹುಟ್ಟಿ 2009ರಲ್ಲಿ ಕೆಲಸ ಶುರುಮಾಡಿದ ಈ ಮಂಡಳಿಯಲ್ಲಿ ಕರ್ನಾಟಕಕ್ಕೆ ಸ್ವಂತ ಪೀಠವಿಲ್ಲ. ನಾವು ಕೊಚ್ಚಿ ಪೀಠದ ವ್ಯಾಪ್ತಿ. ಕೊಡಗಿನವರಿಗೂ ಕೊಚ್ಚಿ, ಬೀದರಿನವರಿಗೂ ಕೊಚ್ಚಿ. ಸದಸ್ಯರ ನೇಮಕವಾಗದೆ ಪೀಠಗಳು ಕೂರದೇ ಇದ್ದ ಕಾಲವೂ ಇತ್ತು. ಗೆದ್ದರೂ ಸರ್ಕಾರ ಮೇಲೆ ಹೋಗಬಹುದು. ಅಂಗವೈಕಲ್ಯದ ಕೇಸುಗಳಲ್ಲಿ ಯಾಂತ್ರಿಕವಾಗಿ ಮೇಲ್ಮನವಿ ಹಾಕುವುದನ್ನು ನಿಲ್ಲಿಸಿ ಎಂದು ರಕ್ಷಣಾ ಸಚಿವರೇ ನೇಮಿಸಿದ್ದ ತಜ್ಞರ ಸಮಿತಿ 2015ರಲ್ಲೇ ಹೇಳಿತ್ತು.

ಅಗ್ನಿವೀರರ ಬಗ್ಗೆಯೂ ಕೇಳುತ್ತಾರೆ. ನಾಲ್ಕು ವರ್ಷಕ್ಕೆ ಹೊರಬರುವವರಿಗೆ ಪಿಂಚಣಿಯೇ ಇಲ್ಲ, ಸುಮಾರು 11.71 ಲಕ್ಷದ ಸೇವಾ ನಿಧಿ ಇದೆ. ಅಂಗವೈಕಲ್ಯವಾದರೆ ಪ್ರಮಾಣ ನೋಡಿ 15, 25 ಅಥವಾ 44 ಲಕ್ಷದ ಒಂದೇ ಗಂಟು. ಅದಕ್ಕೂ ಸೇವೆಯೇ ಕಾರಣವೆಂದು ಬೋರ್ಡ್ ಬರೆಯಬೇಕು. ಷರಾ ಅದೇ, ಪಣಕ್ಕಿಟ್ಟದ್ದು ಬೇರೆ.

ಹವಾಲ್ದಾರರು ಗೆದ್ದರು. 30 ಪರ್ಸೆಂಟ್ 50 ಆಯಿತು. ಬಾಕಿ ಮಾತ್ರ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷದ್ದಷ್ಟೇ ಸಿಕ್ಕಿತು. ತಡಮಾಡಿ ಬಂದವರಿಗೆ ಸಾಮಾನ್ಯವಾಗಿ ಅಷ್ಟೇ. ಟ್ರಂಕಿನಲ್ಲಿ ಮಲಗಿದ್ದ ಉಳಿದ ಒಂಬತ್ತು ವರ್ಷ ಹೋದದ್ದು ಹೋಯಿತು. ಆ ಸಿಟ್ಟಿಗೋ ಏನೋ, ಈಗ ಅವರು ಕ್ಯಾಂಟೀನ್ ಸಾಲಿನಲ್ಲಿ ಹೊಸಬರು ಕಂಡರೆ ಬಿಡುವುದಿಲ್ಲವಂತೆ: “ತಮ್ಮಾ, ನಿನ್ನ ಬೋರ್ಡ್ ಕಾಗದದಾಗ ಏನ್ ಬರದಾರ, ಓದಿಯೇನ?” ಕಳೆದ ತಿಂಗಳು ಇಬ್ಬರನ್ನು ಕಳಿಸಿಕೊಟ್ಟಿದ್ದರು. ಒಬ್ಬರದರಲ್ಲಿ ಪೀಸ್ ಸ್ಟೇಷನ್ ಸಾಲು ಇತ್ತು. ಇನ್ನೊಬ್ಬರದರಲ್ಲಿ ‘ನಾನಾ’ ಎಂದು ಬರೆದು, ಕಾರಣದ ಜಾಗವನ್ನು ಖಾಲಿ ಬಿಟ್ಟಿದ್ದರು.