ಬೇಲಿಯೊಳಗೆ ಮಾತ್ರ ನಡೆಯುವ ದುಡ್ಡು

ಅಜ್ಜನ ಟ್ರಂಕಿನಲ್ಲಿ ಜಪಾನಿ ನೋಟು ಸಿಕ್ಕಿದೆ, ಎಷ್ಟು ಲಕ್ಷ ಬರುತ್ತೆ? ಹಳೆ ನೋಟು ನೋಡಿ ಬೆಲೆ ಹೇಳುವ ನನ್ನಂಥವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಉತ್ತರವೂ ಹೆಚ್ಚುಕಡಿಮೆ ಒಂದೇ. ಲಕ್ಷ ಬಿಡಿ, ಮಾಮೂಲಿ ಸ್ಥಿತಿಯಲ್ಲಿರುವ ನೋಟಾದರೆ ಮನೆ ಮಂದಿಗೆಲ್ಲ ಒಂದು ಹೊತ್ತಿನ ತಿಂಡಿ ಆದರೆ ಹೆಚ್ಚು. ಕೇಳಿದವರ ಮುಖ ಸಪ್ಪಗಾಗುತ್ತದೆ. ಆಗ ನಾನು ಕೇಳುವುದಿಷ್ಟೇ: ಅದೇ ಟ್ರಂಕಿನಲ್ಲಿ ಇನ್ನೇನಿತ್ತು?

ಮೊದಲು ಜಪಾನಿ ನೋಟಿನ ವಿಷಯ ಮುಗಿಸೋಣ. 1942ರಲ್ಲಿ ಜಪಾನಿ ಸೇನೆ ಮಲಯ (ಈಗಿನ ಮಲೇಷ್ಯಾ, ಸಿಂಗಾಪುರದ ಕಡೆ), ಬರ್ಮಾ, ಫಿಲಿಪ್ಪೀನ್ಸ್, ಡಚ್ಚರ ಕೈಲಿದ್ದ ಇಂಡೊನೇಷ್ಯಾ ಎಲ್ಲವನ್ನೂ ಹಿಡಿದುಕೊಂಡಾಗ ಅಲ್ಲಿನ ಜನರ ಕೈಗೆ ತಾನೇ ಅಚ್ಚು ಹಾಕಿಸಿದ ನೋಟು ಕೊಟ್ಟಿತು. ಬರ್ಮಾಕ್ಕೆ ರೂಪಾಯಿ, ಮಲಯಕ್ಕೆ ಡಾಲರ್, ಫಿಲಿಪ್ಪೀನ್ಸ್‌ಗೆ ಪೆಸೊ. ಒಂದು ಬರ್ಮಾ ನೋಟನ್ನು ಕೈಗೆತ್ತಿಕೊಂಡು ನೋಡಿ. 'ದಿ ಜಪಾನೀಸ್ ಗವರ್ನಮೆಂಟ್' ಎಂದು ಇಂಗ್ಲಿಷಿನಲ್ಲಿದೆ. ಇಸವಿ ಇಲ್ಲ. ಸಹಿ ಇಲ್ಲ. ಕ್ರಮಸಂಖ್ಯೆಯೂ ಇಲ್ಲ. ಇರುವುದು ಎರಡು ಮೂರು ಅಕ್ಷರ ಮಾತ್ರ. ಆ ಅಕ್ಷರಗಳಲ್ಲಿ ಮೊದಲನೆಯದೇ ಮುಖ್ಯ. 'ಬಿ' ಇದ್ದರೆ ಬರ್ಮಾ, 'ಎಂ' ಇದ್ದರೆ ಮಲಯ, 'ಪಿ' ಫಿಲಿಪ್ಪೀನ್ಸ್, 'ಎಸ್' ಡಚ್ಚರ ದ್ವೀಪಗಳು, 'ಓ' ಅಂದರೆ ಪೆಸಿಫಿಕ್‌ನ ಓಷಿಯಾನಿಯಾ.

ನಂಬರೇ ಇಲ್ಲದ ನೋಟು ಅಂದರೆ ಎಷ್ಟು ಅಚ್ಚಾಯಿತು ಅಂತ ಹೊರಗಿನವರು ಎಣಿಸುವ ಹಾಗೇ ಇಲ್ಲ, ಅಲ್ವಾ? ಅಚ್ಚು ಹಾಕಿದರು, ಹಾಕುತ್ತಲೇ ಹೋದರು. ಬೆಲೆ ಏರಿತು. ಯುದ್ಧ ಮುಗಿದು ಬ್ರಿಟಿಷರು ವಾಪಸ್ ಬಂದಾಗ ಈ ನೋಟಿಗೆ ಕಿಮ್ಮತ್ತಿಲ್ಲ ಅಂದುಬಿಟ್ಟರು. ಬದಲಿಸಿಕೊಡಲಿಲ್ಲ. ಹಾಗಾಗಿ ಬ್ಯಾಂಕಿಗೆ ವಾಪಸ್ ಹೋಗಿ ಸುಟ್ಟುಹೋಗಬೇಕಾದ ನೋಟುಗಳು ಮನೆಮನೆಗಳಲ್ಲಿ ಉಳಿದವು. ಇವತ್ತು ಅಗ್ಗವಾಗಿ ಸಿಗಲು ಕಾರಣ ಇದೇ. ವಯಸ್ಸಾದ ಮಾತ್ರಕ್ಕೆ ನೋಟಿಗೆ ಬೆಲೆ ಬರುವುದಿಲ್ಲ.

ಹಾಗಂತ ಬಿಸಾಡಬೇಡಿ. ಮೈಸೂರು ಸಂಸ್ಥಾನದ ಪಡೆ, ಅಂದರೆ ಮೈಸೂರು ಇನ್‌ಫೆಂಟ್ರಿ, ಮಲಯದ ಯುದ್ಧಕ್ಕೆ ಹೋಗಿತ್ತು. 1942ರ ಫೆಬ್ರುವರಿಯಲ್ಲಿ ಸಿಂಗಾಪುರ ಬಿದ್ದಾಗ ಸೆರೆಯಾಯಿತು. ಹಳೇ ಮೈಸೂರು ಕಡೆಯ ಮನೆಯೊಂದರಲ್ಲಿ 'ಎಂ' ಅಕ್ಷರದ ನೋಟು ಸಿಕ್ಕರೆ ನಾನು ಮೊದಲು ಕೇಳುವುದು ಮನೆಯಲ್ಲಿ ಸಿಪಾಯಿಗಳು ಯಾರಾದರೂ ಇದ್ದರಾ ಅಂತ. ಮಲಯದ 10 ಡಾಲರ್ ನೋಟಿನ ಮೇಲೆ ಬಾಳೆಗಿಡ, ಗೊನೆ ಇದೆ. ಅದಕ್ಕೇ ಸಿಂಗಾಪುರದಲ್ಲಿ ಆ ದುಡ್ಡಿಗೆ 'ಬನಾನಾ ಮನಿ' ಅಂತಲೇ ಹೆಸರು. ಈ ಬಾಳೆ ನೋಟಿನಲ್ಲಿ ಮೊದಮೊದಲು ಕ್ರಮಸಂಖ್ಯೆ ಇತ್ತು, ಆಮೇಲೆ ಅಕ್ಷರ ಮಾತ್ರ ಉಳಿಯಿತು. ಕಾಗದವೂ ಕಳಪೆಯಾಗುತ್ತ ಹೋಯಿತು. ಸಂಖ್ಯೆ ಇರುವ ಬಾಳೆ ನೋಟಿಗೆ ಬರೀ ಅಕ್ಷರದ ನೋಟಿಗಿಂತ ಜಾಸ್ತಿ ಕೊಡುತ್ತಾರೆ. ಬೆಳಕಿಗೆ ಹಿಡಿದು ನೋಡಿ. ಕೆಲವು ನೋಟುಗಳ ಕಾಗದದಲ್ಲಿ ಸಣ್ಣ ರೇಷ್ಮೆ ಎಳೆಗಳು ಕಾಣುತ್ತವೆ, ಕೆಲವದರಲ್ಲಿ ಇರುವುದಿಲ್ಲ. ಇದನ್ನೆಲ್ಲ ಬೇರೆ ಬೇರೆ ಬಗೆ ಅಂತ ಲೆಕ್ಕ ಹಾಕಿ ಕೂಡಿಡುವವರಿದ್ದಾರೆ. ಹೊಸಬರಿಗೆ ನಾನು ಹೇಳುವುದೂ ಇದನ್ನೇ: ಬರ್ಮಾ ಇಲ್ಲವೇ ಮಲಯ, ಒಂದನ್ನು ಹಿಡಿದು ಪೂರ್ತಿ ಮಾಡಿ. ಕಡಿಮೆ ಖರ್ಚಿನಲ್ಲಿ ಕಣ್ಣು ಪಳಗುತ್ತದೆ.

ಕಣ್ಣು ಪಳಗಬೇಕಾದದ್ದು ಯಾಕೆ ಅಂದರೆ, ಯುದ್ಧದ ನೋಟಿನ ಲೆಕ್ಕವೇ ಬೇರೆ. ಮಾಮೂಲಿ ನೋಟು ಎಲ್ಲ ಕಡೆ ನಡೆಯಲಿ ಅಂತ ಅಚ್ಚಾಗುತ್ತದೆ. ಯುದ್ಧದ ನೋಟು ಎಲ್ಲ ಕಡೆ ನಡೆಯಬಾರದು ಅಂತ ಅಚ್ಚಾಗುತ್ತದೆ. ಅದರ ಸುತ್ತ ಒಂದು ಬೇಲಿ ಇರುತ್ತದೆ: ಈ ದೇಶದಲ್ಲಿ ಮಾತ್ರ, ಈ ಸಿಪಾಯಿಗಳಿಗೆ ಮಾತ್ರ, ಈ ಕ್ಯಾಂಪಿನೊಳಗೆ ಮಾತ್ರ. ಆ ಬೇಲಿ ಎಲ್ಲಿದೆ ಅಂತ ನೋಟಿನ ಮೇಲೆ ಹುಡುಕಬೇಕು. ಬೆಲೆ ಬಹಳ ಸಲ ಅಲ್ಲೇ ಇರುತ್ತದೆ.

ಈಗ ಟ್ರಂಕಿಗೆ ಬನ್ನಿ. ಜಪಾನಿ ನೋಟಿನ ಜೊತೆ ಒಂದೆರಡು ಆರನೇ ಜಾರ್ಜ್ ದೊರೆಯ ಭಾರತದ ನೋಟು ಇರುತ್ತವೆ. ಮನೆಯವರು ಅದನ್ನು ತೋರಿಸುವುದೇ ಇಲ್ಲ. 'ಅದು ನಮ್ಮ ಹಳೇ ನೋಟು ಸಾರ್, ಬಿಡಿ' ಅನ್ನುತ್ತಾರೆ. ಬಿಡಬಾರದು. ಅದರ ಮೇಲೆ ಕೆಂಪು ಅಕ್ಷರದಲ್ಲಿ 'ಮಿಲಿಟರಿ ಅಡ್ಮಿನಿಸ್ಟ್ರೇಷನ್ ಆಫ್ ಬರ್ಮಾ, ಲೀಗಲ್ ಟೆಂಡರ್ ಇನ್ ಬರ್ಮಾ ಓನ್ಲಿ' ಅಂತ ಇದೆಯಾ ನೋಡಿ. ಬರ್ಮಾ 1937ರಲ್ಲೇ ಭಾರತದಿಂದ ಬೇರೆಯಾಗಿತ್ತು. 1945ರಲ್ಲಿ ಅದನ್ನು ಮತ್ತೆ ಗೆದ್ದಾಗ ಬ್ರಿಟಿಷ್ ಸೇನೆಗೆ ಅಲ್ಲಿ ಖರ್ಚಿಗೆ ನೋಟು ಬೇಕಿತ್ತು. ಹೊಸದಾಗಿ ಮಾಡಿಸುವ ಬದಲು ಭಾರತದ 1, 5, 10, 100 ರೂಪಾಯಿ ನೋಟುಗಳ ಮೇಲೇ ಆ ಸಾಲು ಹೊಡೆಸಿದರು. ಒಂದೇ ಒಂದು ಕೆಂಪು ಸಾಲು. ಅಷ್ಟರಿಂದ ಆ ನೋಟು ಭಾರತದಲ್ಲಿ ನಡೆಯದಂತಾಯಿತು.

ಇನ್ನೊಂದು ಮಜಾ ಇದೆ. ಆ ಒಂದು ರೂಪಾಯಿ ನೋಟಿನ ಹಿಂಬದಿ ತಿರುಗಿಸಿದರೆ ನಮ್ಮ ಭಾಷೆಗಳ ಸಾಲಿನಲ್ಲಿ ಕನ್ನಡವೂ ಇದೆ. ಮುಂದೆ 'ಬರ್ಮಾದಲ್ಲಿ ಮಾತ್ರ', ಹಿಂದೆ 'ಒಂದು ರೂಪಾಯಿ'. ರಂಗೂನಿನ ಬಜಾರಿನಲ್ಲಿ ಕನ್ನಡ ಅಕ್ಷರ ಹೊತ್ತುಕೊಂಡು ಓಡಾಡಿದ ನೋಟು ಅದು.

ಬೆಲೆ ಇರುವ ಕಡೆ ಮೋಸವೂ ಇರುತ್ತದೆ. ಮಾಮೂಲಿ ನೋಟು ಅಸಲಿಯೇ, ಅದರ ಮೇಲಿನ ಕೆಂಪು ಸಾಲು ಮಾತ್ರ ಮೊನ್ನೆ ಹೊಡೆದದ್ದು. ಇದನ್ನು ಹಿಡಿಯುವುದು ಹೇಗೆ? ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೆನ್ಸ್ ಸಾಕು. ಕೆಂಪು ಅಕ್ಷರವನ್ನು ನೋಟಿನ ಮಡಿಕೆ ಹಾದುಹೋಗುವ ಜಾಗ ಹುಡುಕಿ. ನೋಟು ಹೊಸದಿದ್ದಾಗ ಅಕ್ಷರ ಬಿದ್ದು, ಆಮೇಲೆ ಕೈಯಿಂದ ಕೈಗೆ ಹೋಗಿ ಸವೆದಿದ್ದರೆ, ಮಡಿಕೆಯ ಮೇಲೆ ಶಾಯಿಯೂ ಕಿತ್ತುಹೋಗಿ ಕೆಳಗಿನ ಕಾಗದದ ಬಿಳಿ ಕಾಣುತ್ತದೆ. ಸವೆದ ನೋಟಿನ ಮೇಲೆ ಆಮೇಲೆ ಅಕ್ಷರ ಹೊಡೆದಿದ್ದರೆ, ಶಾಯಿ ಆ ಮಡಿಕೆಯ ಎಳೆಗಳೊಳಗೆ ಇಳಿದಿರುತ್ತದೆ. ಅಂಚು ಸ್ವಲ್ಪ ಹರಡಿರುತ್ತದೆ. ಕೊಳೆ ಕೆಳಗೆ, ಶಾಯಿ ಮೇಲೆ. ಶಾಯಿ ಮೇಲೆ ಕೊಳೆ ಕೂತಿರಬೇಕೇ ಹೊರತು ಕೊಳೆ ಮೇಲೆ ಶಾಯಿ ಕೂತಿರಬಾರದು. ಗರಿಗರಿ ನೋಟಾದರೆ ಈ ಉಪಾಯ ನಡೆಯುವುದಿಲ್ಲ. ಆಗ ಸಹಿ ಯಾರದು, ನಂಬರಿನ ಮುಂದಿನ ಅಕ್ಷರ ಯಾವುದು ಅಂತ ಕ್ಯಾಟಲಾಗ್ ಜೊತೆ ತಾಳೆ ನೋಡಲೇಬೇಕು.

ಬೇಲಿ ಹಾಕುವುದರಲ್ಲಿ ಅಮೆರಿಕದವರು ಎಲ್ಲರಿಗಿಂತ ಮುಂದೆ. ಪರ್ಲ್ ಹಾರ್ಬರ್ ದಾಳಿಯ ಮರುವರ್ಷ, 1942ರಲ್ಲಿ, ಹವಾಯಿ ದ್ವೀಪದಲ್ಲಿದ್ದ ಮಾಮೂಲಿ ಡಾಲರ್ ನೋಟುಗಳನ್ನು ವಾಪಸ್ ತೆಗೆದುಕೊಂಡು, ಕಂದು ಮುದ್ರೆ ಒತ್ತಿ 'ಹವಾಯಿ' ಅಂತ ದೊಡ್ಡದಾಗಿ ಅಚ್ಚು ಹಾಕಿದ ನೋಟು ಕೊಟ್ಟರು. ದ್ವೀಪ ಜಪಾನಿನ ಕೈಗೆ ಹೋದರೆ ಆ ನೋಟು ನಡೆಯುವುದಿಲ್ಲ ಅಂತ ಒಂದೇ ಮಾತಿನಲ್ಲಿ ಸಾರಿಬಿಡಬಹುದು ಅನ್ನುವ ಲೆಕ್ಕ. ವಾಪಸ್ ಬಂದ 20 ಕೋಟಿ ಡಾಲರನ್ನು ಅಲ್ಲಿನ ಚಿತಾಗಾರದಲ್ಲಿ, ಸಕ್ಕರೆ ಕಾರ್ಖಾನೆಯ ಕುಲುಮೆಯಲ್ಲಿ ಸುಟ್ಟರು.

ಜರ್ಮನಿಯಲ್ಲಿ ಮಾತ್ರ ಬೇಲಿ ಕಿತ್ತುಹೋಯಿತು. ಮಿತ್ರಪಡೆಗಳು ಅಲ್ಲಿ ಖರ್ಚಿಗೆಂದು ಮಾಡಿಸಿದ ಮಾರ್ಕ್ ನೋಟಿನ ಅಚ್ಚಿನ ಪ್ಲೇಟುಗಳನ್ನು 1944ರಲ್ಲಿ ಅಮೆರಿಕ ಸೋವಿಯತ್ ಒಕ್ಕೂಟಕ್ಕೂ ಕೊಟ್ಟಿತು. ಅವರು ಬೇಕಾದಷ್ಟು ಅಚ್ಚು ಹಾಕಿದರು. ರಷ್ಯಾದ ಸಿಪಾಯಿ ಆ ಮಾರ್ಕು ಕೊಟ್ಟು ಅಮೆರಿಕದ ಸಿಪಾಯಿಯ ಕೈಗಡಿಯಾರ, ಸಿಗರೇಟು ಕೊಂಡ. ಅಮೆರಿಕದ ಸಿಪಾಯಿ ಅದೇ ಮಾರ್ಕನ್ನು ಡಾಲರ್ ಮಾಡಿಸಿ ಊರಿಗೆ ಕಳಿಸಿದ. ಸಿಪಾಯಿಗಳಿಗೆ ಕೊಟ್ಟ ಸಂಬಳಕ್ಕಿಂತ ಅವರು ಊರಿಗೆ ಕಳಿಸಿದ್ದೇ ಜಾಸ್ತಿಯಾಯಿತು! ಈ ಮಾರ್ಕುಗಳಲ್ಲಿ ಯಾರ ಅಚ್ಚು ಯಾವುದು ಅಂತ ಇವತ್ತು ಹೇಳುವುದು ಸುಲಭ. ಕ್ರಮಸಂಖ್ಯೆಯ ಮೊದಲು ಒಂದು ಸಣ್ಣ ಅಡ್ಡಗೆರೆ ಇದ್ದರೆ ಸೋವಿಯತ್ ಅಚ್ಚು. ಅಮೆರಿಕದಲ್ಲಿ ಫೋರ್ಬ್ಸ್ ಕಂಪನಿ ಹಾಕಿದ ಅಚ್ಚಿನಲ್ಲಿ ಬಳ್ಳಿಯ ಚಿತ್ತಾರದೊಳಗೆ ಒಂದು ಪುಟ್ಟ 'ಎಫ್' ಅಡಗಿರುತ್ತದೆ. ಲೆನ್ಸ್ ಹಿಡಿದು ಅದನ್ನು ಹುಡುಕುವ ಖುಷಿಗೇ ಈ ನೋಟು ಕೊಳ್ಳುವವರಿದ್ದಾರೆ.

ಈ ಪೆಟ್ಟು ತಿಂದ ಮೇಲೆ 1946ರಲ್ಲಿ ಬಂದದ್ದು ಮಿಲಿಟರಿ ಪೇಮೆಂಟ್ ಸರ್ಟಿಫಿಕೇಟ್. ಸಂಗ್ರಾಹಕರ ಬಾಯಲ್ಲಿ 'ಎಂಪಿಸಿ'. ಅಮೆರಿಕದ ಸೈನಿಕರು ಹೊರದೇಶದ ನೆಲೆಗಳ ಒಳಗೆ ಮಾತ್ರ ಬಳಸಬೇಕಾದ ದುಡ್ಡು. 5 ಸೆಂಟಿಗೂ ಕಾಗದವೇ, ನಾಣ್ಯ ಇಲ್ಲ. ಸೈನಿಕರಲ್ಲದವರ ಕೈಗೆ ಅದು ಹೋಗಬಾರದು. ಆದರೆ ಹೋಗುತ್ತಿತ್ತು. ಅದಕ್ಕೇ ಮುನ್ಸೂಚನೆ ಕೊಡದೆ ಒಂದು ದಿನ ನೆಲೆಯ ಗೇಟು ಮುಚ್ಚಿ, ಒಳಗಿದ್ದವರ ಹಳೇ ನೋಟು ವಾಪಸ್ ಪಡೆದು, ಬೇರೆ ಬಣ್ಣ ಬೇರೆ ಚಿತ್ರದ ಹೊಸ ನೋಟು ಕೊಡುತ್ತಿದ್ದರು. ಹೊರಗೆ ಅಂಗಡಿಯವನ ಗಲ್ಲಾದಲ್ಲಿದ್ದ ನೋಟು ಅವತ್ತೇ ಕಾಗದದ ಚೂರು. ನಮ್ಮಲ್ಲಿ 2016ರ ನವೆಂಬರ್ 8ರ ರಾತ್ರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಯೆಟ್ನಾಂ ಯುದ್ಧದವರೆಗೂ ಸರಣಿಯ ಮೇಲೆ ಸರಣಿ ಬಂತು. ಕೂಡಿಡುವವರಿಗೆ ಇದು ಹಬ್ಬ. ಬದಲಾವಣೆ ದಿಢೀರನೆ ಆದಷ್ಟೂ ಹಳೇ ಸರಣಿಯ ಒಳ್ಳೆ ನೋಟು ಉಳಿಯುವುದು ಕಡಿಮೆ, ಅದರಲ್ಲೂ ದೊಡ್ಡ ಮೊತ್ತದ್ದು.

ನಮ್ಮ ನೆಲದ್ದೇ ಬೇಕು ಅನ್ನುವವರಿಗೆ ಯುದ್ಧಕೈದಿಗಳ ಕೂಪನ್ ಇದೆ. ಕೈದಿಯ ಕೈಗೆ ನಿಜವಾದ ದುಡ್ಡು ಕೊಟ್ಟರೆ ಕಾವಲಿನವನಿಗೆ ಲಂಚ ಕೊಟ್ಟಾನು, ತಪ್ಪಿಸಿಕೊಂಡು ರೈಲು ಹತ್ತಿಯಾನು. ಅದಕ್ಕೇ ಕ್ಯಾಂಪಿನ ಕ್ಯಾಂಟೀನಿನಲ್ಲಿ ಮಾತ್ರ ನಡೆಯುವ ಚೀಟಿ. ಇಲ್ಲಿ ಬೇಲಿ ಅಂದರೆ ನಿಜವಾದ ಮುಳ್ಳುತಂತಿಯೇ. ಮೊದಲ ಮಹಾಯುದ್ಧದಲ್ಲಿ ನಮ್ಮ ಬಳ್ಳಾರಿ, ಬೆಳಗಾವಿಯಲ್ಲಿ ಇಂಥ ಶಿಬಿರಗಳಿದ್ದವು. 1917ರಲ್ಲಿ ರೆಡ್‌ಕ್ರಾಸ್‌ನವರು ಬಂದು ನೋಡಿಹೋಗಿದ್ದಾರೆ. ಎರಡನೇ ಯುದ್ಧದಲ್ಲಿ ಬೆಂಗಳೂರಿನಲ್ಲಿ ಇಟಲಿಯ ಕೈದಿಗಳಿದ್ದರು. ಭಾರತದ ಕ್ಯಾಂಪುಗಳ ಕೂಪನ್ನು ನೋಡಲು ಏನೇನೂ ಚೆಂದವಿಲ್ಲ. ಸಣ್ಣ ಚೀಟಿ, ಸಾದಾ ಅಚ್ಚು, ಆಣೆಗಳ ಲೆಕ್ಕ. ಬಸ್ ಟಿಕೆಟ್ ಅಂದುಕೊಂಡು ಎಸೆದವರೇ ಜಾಸ್ತಿ ಇರಬೇಕು. ಕ್ಯಾಂಪಿನ ಹೆಸರಿರುವ ಚೀಟಿ ಸಿಕ್ಕರೆ ಯಾರಿಗಾದರೂ ತಿಳಿದವರಿಗೆ ತೋರಿಸದೆ ಕೊಡಬೇಡಿ. ಹಾಗೇ ಎರಡನೇ ಯುದ್ಧದ ಹೊತ್ತಿಗೆ ಚಿಲ್ಲರೆ ಮಾಯವಾದಾಗ ಗುಜರಾತಿನ ಕಾಠಿಯಾವಾಡದ ಸಣ್ಣ ಸಂಸ್ಥಾನಗಳು ರಟ್ಟಿನ ಚೂರಿನ ಮೇಲೆ ಕ್ಯಾಷ್ ಕೂಪನ್ ಹೊರಡಿಸಿದವು. ಅದೂ ಒಂದು ದೊಡ್ಡ ಲೋಕ. ಇಲ್ಲಿ ಅದಕ್ಕೆ ಕೈ ಹಾಕುವುದಿಲ್ಲ.

ಬೇಲಿ ಇಲ್ಲದೆಯೂ ಯುದ್ಧದಿಂದಲೇ ಹುಟ್ಟಿದ ನೋಟುಗಳಿವೆ. ನಮ್ಮ ಒಂದು ರೂಪಾಯಿ ನೋಟೇ ಅಂಥದ್ದು. ಮೊದಲ ಯುದ್ಧದಲ್ಲಿ ಬೆಳ್ಳಿ ತುಟ್ಟಿಯಾಗಿ ರೂಪಾಯಿ ನಾಣ್ಯಕ್ಕೆ ಬರ ಬಂದಾಗ, 1917ರ ನವೆಂಬರ್ 30ರಂದು ಅದು ಶುರುವಾಯಿತು. ನೋಟಿನ ಮೇಲೆ ಬೆಳ್ಳಿ ರೂಪಾಯಿಯ ಚಿತ್ರವನ್ನೇ ಅಚ್ಚು ಹಾಕಿದರು, ಜನ ನಂಬಲಿ ಅಂತ. 25 ನೋಟಿನ ಪುಸ್ತಕದ ಹಾಗೆ ಹೊಲಿದೂ ಕೊಡುತ್ತಿದ್ದರು. ಅದೇ ಬೆಳ್ಳಿ ಬರದಲ್ಲಿ 1918ರಲ್ಲಿ ಹೈದರಾಬಾದಿನ ನಿಜಾಮರೂ ತಮ್ಮದೇ ನೋಟು ತಂದರು. ಕಲಬುರಗಿ, ರಾಯಚೂರು, ಬೀದರ್ ಕಡೆಯ ಮನೆಗಳಲ್ಲಿ ಅದು ಈಗಲೂ ಸಿಗುತ್ತದೆ, ಅದರಲ್ಲೂ ಕನ್ನಡ ಇದೆ. ಆ ನೋಟುಗಳ ಒಂದು ಕಂತು 1922ರಲ್ಲಿ 'ಈಜಿಪ್ಟ್' ಅನ್ನುವ ಹಡಗಿನ ಜೊತೆ ಫ್ರಾನ್ಸಿನ ಬಳಿ ಸಮುದ್ರ ಸೇರಿತು. ಚಿನ್ನಕ್ಕಾಗಿ ಮುಳುಗಿದ ಇಟಲಿಯವರು 1930ರ ದಶಕದಲ್ಲಿ ನೋಟುಗಳನ್ನೂ ಮೇಲೆತ್ತಿದರು. ಕಲೆ ಹಿಡಿದ, ಸಹಿ ಬೀಳದ ಆ ನೋಟುಗಳು ಆಮೇಲೆ ನೆನಪಿನ ಕಾಣಿಕೆಯಾಗಿ ಮಾರಾಟವಾದವು. ನೀರಿನ ಕಲೆ ಇದ್ದರೆ ಬೆಲೆ ಹೆಚ್ಚುವ ನೋಟು ನನಗೆ ಗೊತ್ತಿರುವಂತೆ ಇದೊಂದೇ!

ಆಜಾದ್ ಹಿಂದ್ ನೋಟಿನ ಬಗ್ಗೆ ಒಂದು ಎಚ್ಚರಿಕೆ. ಆಜಾದ್ ಹಿಂದ್ ಬ್ಯಾಂಕ್ 1944ರಲ್ಲಿ ರಂಗೂನಿನಲ್ಲಿ ಶುರುವಾದದ್ದು ನಿಜ. ಆದರೆ ನೇತಾಜಿ ಚಿತ್ರ ಹಾಕಿ, ದೊಡ್ಡ ದೊಡ್ಡ ಮೊತ್ತ ಬರೆದು ಮಾರಾಟಕ್ಕೆ ಬರುವ 'ನೋಟು'ಗಳನ್ನು ನಾನು ಮೊದಲು ಖೋಟಾ ಅಂತಲೇ ಹಿಡಿದು, ಆಮೇಲೆ ಪರೀಕ್ಷೆ ಮಾಡುತ್ತೇನೆ. ಭಾವನೆ ಜಾಸ್ತಿ ಇದ್ದ ಕಡೆ ಅಚ್ಚು ಹಾಕುವವರೂ ಜಾಸ್ತಿ. ಮಾರುವವನು ಕಣ್ಣು ತುಂಬಿಕೊಂಡು ಕಥೆ ಹೇಳಿದರೆ ಬೆಲೆ ಕೇಳದೆ ಎದ್ದು ಬನ್ನಿ.

ಇನ್ನು ಇಡುವ ವಿಷಯ. ನಮ್ಮಲ್ಲಿ ನೋಟಿನ ದೊಡ್ಡ ಶತ್ರು ಗೆದ್ದಲಲ್ಲ, ಲ್ಯಾಮಿನೇಷನ್ ಅಂಗಡಿ. ಒಮ್ಮೆ ಲ್ಯಾಮಿನೇಟ್ ಮಾಡಿಸಿದರೆ ಮುಗಿಯಿತು, ವಾಪಸ್ ಬಿಡಿಸಲಾಗದು, ಬೆಲೆ ಮಣ್ಣುಪಾಲು. ಸೆಲೋಟೇಪ್ ಬೇಡ. ಇಸ್ತ್ರಿ ಬೇಡ. ಮಡಿಕೆ ಹೋಗಲಿ ಅಂತ ಒಗೆದು ಇಸ್ತ್ರಿ ಮಾಡಿದ ನೋಟನ್ನು ಓರೆ ಬೆಳಕಿನಲ್ಲಿ ಹಿಡಿದರೆ ಗೊತ್ತಾಗಿಯೇ ಆಗುತ್ತದೆ, ಕಾಗದ ಸತ್ತಿರುತ್ತದೆ. ಹಳೇ ನೋಟಿನಲ್ಲಿ ಬ್ಯಾಂಕಿನವರು ಕಟ್ಟು ಹೊಲಿದ ಪಿನ್ನಿನ ತೂತು ಇರುವುದು ಸಹಜ, ಅದಕ್ಕೆ ಬೇಜಾರು ಬೇಡ. ಪಿವಿಸಿ ಹಾಳೆಯ ಅಗ್ಗದ ಆಲ್ಬಂ ವರ್ಷ ಕಳೆದಂತೆ ಜಿಗುಟಾಗಿ ನೋಟಿಗೆ ಅಂಟುತ್ತದೆ. ಪಾಲಿಯೆಸ್ಟರ್ ಕವರು ಕೇಳಿ ತೆಗೆದುಕೊಳ್ಳಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಇಡಿ.

ನೋಟಿನ ಜೊತೆ ಅಜ್ಜನ ಸೇನೆಯ ಡಿಸ್ಚಾರ್ಜ್ ಪುಸ್ತಕವೋ, ಪದಕವೋ, ಒಂದು ಕಾಗದವೋ ಇದ್ದರೆ ಬೇರೆ ಬೇರೆ ಮಾಡಿ ಮಾರಬೇಡಿ. ಒಂಟಿಯಾಗಿ ತಿಂಡಿ ದುಡ್ಡಿಗೂ ಬಾರದ 'ಎಂ' ಅಕ್ಷರದ ನೋಟು, ಸಿಂಗಾಪುರದಲ್ಲಿ ಸೆರೆಯಾದವರ ಹೆಸರಿರುವ ಕಾಗದದ ಜೊತೆ ಬಂದರೆ ಕೊಳ್ಳುವವರು ನಿಂತು ನೋಡುತ್ತಾರೆ. ಯಾರದ್ದು, ಯಾವ ಪಡೆ, ಮನೆಗೆ ಯಾವಾಗ ಬಂತು ಅಂತ ಗೊತ್ತಿದ್ದಷ್ಟನ್ನು ಬೇರೆ ಹಾಳೆಯಲ್ಲಿ ಬರೆದು ಕವರಿನ ಪಕ್ಕ ಇಡಿ. ನೋಟಿನ ಮೇಲೆ ಮಾತ್ರ ಪೆನ್ಸಿಲ್ಲಿನಲ್ಲೂ ಏನೂ ಬರೆಯಬೇಡಿ.