ವಿಡಿಯೋ ಇರುವಾಗ ಶಬ್ದ ಬೇರೆ, ಫೋಟೋ ಬೇರೆ ಯಾಕೆ?

ಓದುಗರ ಪ್ರಶ್ನೆ: ಊರಿಗೋ ಪ್ರವಾಸಕ್ಕೋ ಹೋದಾಗ ಸುಮ್ನೆ ಶಬ್ದ ರೆಕಾರ್ಡ್ ಮಾಡಿಕೊಂಡು ಬನ್ನಿ, ಜೊತೆಗೆ ಒಂದೆರಡು ಫೋಟೋ ಸಾಕು ಅಂತ ನೀವು ಹೇಳುತ್ತಾ ಇರುತ್ತೀರಿ. ಫೋನಿನಲ್ಲಿ ವಿಡಿಯೋ ತೆಗೆದರೆ ಎರಡೂ ಒಟ್ಟಿಗೆ ಸಿಗುತ್ತಲ್ವಾ? ಬೇರೆ ಬೇರೆ ಯಾಕೆ ಮಾಡಬೇಕು?

ಸಿಗುತ್ತೆ. ಆದರೆ ವಿಡಿಯೋದಲ್ಲಿ ಶಬ್ದ ಯಾವಾಗಲೂ ಚಿತ್ರದ ಬಾಲ ಹಿಡಿದುಕೊಂಡು ಬರುತ್ತದೆ. ನೋಡಲು ಚೆನ್ನಾಗಿರುವ ಕಡೆಗೆ ನಾವು ಫೋನ್ ತಿರುಗಿಸುತ್ತೇವೆ, ಕೇಳಲು ಚೆನ್ನಾಗಿರುವ ಕಡೆಗಲ್ಲ. ಹದಿನೈದು ಸೆಕೆಂಡಿಗೆ ಕೈ ಸೋಲುತ್ತದೆ, ನಿಲ್ಲಿಸಿಬಿಡುತ್ತೇವೆ. ಶಬ್ದಕ್ಕೆ ಹದಿನೈದು ಸೆಕೆಂಡ್ ಏನೇನೂ ಸಾಲದು.

ಒಂದು ಉದಾಹರಣೆ ಹೇಳುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ ತನಕದ ಘಾಟಿಯಲ್ಲಿ ರೈಲು 57 ಸುರಂಗಗಳನ್ನೂ ನೂರಕ್ಕೂ ಹೆಚ್ಚು ಸೇತುವೆಗಳನ್ನೂ ದಾಟಿ ಇಳಿಯುತ್ತದೆ. ಮಳೆಗಾಲದಲ್ಲಿ ಹಗಲಿನ ರೈಲು ಹತ್ತಿದರೆ ಬೋಗಿಯ ಕಿಟಕಿಗಳ ತುಂಬಾ ಫೋನುಗಳೇ. ನಾನೂ ಮೊದಲ ಸಲ ವಿಡಿಯೋನೇ ಮಾಡಿದೆ. ಮನೆಗೆ ಬಂದು ನೋಡಿದರೆ ಸುರಂಗದಲ್ಲಿ ಪೂರ್ತಿ ಕಪ್ಪು, ಹೊರಗೆ ಬಂದ ತಕ್ಷಣ ಪೂರ್ತಿ ಬಿಳಿ, ನಡುವೆ ಅಲುಗಾಡುವ ಹಸಿರು. ಎರಡನೇ ಸಲ ಹೋದಾಗ ಫೋನನ್ನು ಮಡಚಿದ ಟವೆಲಿನ ಮೇಲೆ ಸೀಟಿನಲ್ಲೇ ಇಟ್ಟು ಬರೀ ಶಬ್ದ ರೆಕಾರ್ಡ್ ಮಾಡಿದೆ, ನಾಲ್ಕು ನಿಮಿಷ. ಅದರಲ್ಲಿ ಮೊದಲು ಮಳೆ, ಚಹಾ ಮಾರುವವನ ಕೂಗು. ಆಮೇಲೆ ಎಂಜಿನ್ ಸೀಟಿ. ಆಮೇಲೆ ಒಂದೇ ಸಲಕ್ಕೆ ಯಾರೋ ಕಿವಿಯ ಮೇಲೆ ಪಾತ್ರೆ ಬೋರಲು ಹಾಕಿದ ಹಾಗೆ ಶಬ್ದವೆಲ್ಲ ಮುಚ್ಚಿಕೊಳ್ಳುತ್ತದೆ, ಬೋಗಿಯ ಮಕ್ಕಳೆಲ್ಲ ಒಟ್ಟಿಗೆ "ಹೋ..." ಅಂತ ಕಿರುಚುತ್ತಾರೆ, ಆ ಕೂಗು ಗೋಡೆಗೆ ಬಡಿದು ವಾಪಸ್ ಬರುವಷ್ಟರಲ್ಲಿ ಸುರಂಗ ಮುಗಿದು ಮಳೆ ಮತ್ತೆ ತೆರೆದುಕೊಳ್ಳುತ್ತದೆ. ಮುಂದೆ ಸೇತುವೆ ಬಂತು ಅಂತ ಯಾರೂ ಹೇಳಬೇಕಾಗಿಲ್ಲ, ಗಾಲಿಯ ಸದ್ದು ಟೊಳ್ಳಾಗುತ್ತದೆ. ಇದರ ಜೊತೆ ನಾನು ಇಟ್ಟುಕೊಂಡಿರುವುದು ಒಂದೇ ಫೋಟೋ: ಕಿಟಕಿಯ ಸರಳು ಹಿಡಿದ ಪುಟ್ಟ ಕೈ, ಸರಳಿನ ಕೆಳಗೆ ಸಾಲಾಗಿ ನಿಂತ ಮಳೆಹನಿ. ಕೇಳುವವರು ಉಳಿದ ರೈಲನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಕಣ್ಣಿಗೆ ಓಡುವ ಚಿತ್ರ ಕೊಟ್ಟುಬಿಟ್ಟರೆ ಕಿವಿ ಆ ಕೆಲಸ ಮಾಡುವುದಿಲ್ಲ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ನಮ್ಮ ಬೀದಿಗೆ ಬೆಳಗ್ಗೆ ಏಳಕ್ಕೆ ಸೊಪ್ಪು ಮಾರುವ ಅಜ್ಜಿಯೊಬ್ಬರು ಬರುತ್ತಿದ್ದರು. "ದಂಟೂ... ಸಬ್ಸಿಗೇ... ಮೆಂತ್ಯಾ ಸೊಪ್ಪೋ..." ಅಂತ. ಮೆಂತ್ಯದ ಹತ್ತಿರ ದನಿ ಮೇಲೆ ಹೋಗಿ, ಸೊಪ್ಪಿನ ಹತ್ತಿರ ದಢಕ್ಕನೆ ಇಳಿಯುತ್ತಿತ್ತು. ಅವರ ಫೋಟೋ ನನ್ನ ಹತ್ತಿರ ಇದೆ, ಬುಟ್ಟಿ, ಮೇಲೆ ಹೊದಿಸಿದ ಒದ್ದೆ ಗೋಣಿಚೀಲ, ನಗು, ಎಲ್ಲಾ ಇದೆ. ದನಿ ಇಲ್ಲ. ಈಗ ಅದೇ ಹೊತ್ತಿಗೆ ತಳ್ಳುಗಾಡಿ ಬರುತ್ತದೆ, ಕೂಗೋದು ಅದಕ್ಕೆ ಕಟ್ಟಿರುವ ಸ್ಪೀಕರ್. ಎಲ್ಲಾ ಬೀದಿಯಲ್ಲೂ ಅದೇ ದನಿ. ಅಜ್ಜಿ ಹೇಗೆ ಕೂಗುತ್ತಿದ್ದರು ಅಂತ ಮಗಳಿಗೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಫೋಟೋ ತೆಗೆದ ದಿನ ಅದೇ ಫೋನಿನಲ್ಲಿ ಇನ್ನೊಂದು ಗುಂಡಿ ಒತ್ತಿದ್ದರೆ ಸಾಕಿತ್ತು.

ಹಾಗಾಗಿ ಏನು ರೆಕಾರ್ಡ್ ಮಾಡಬೇಕು ಅಂದರೆ, ದಿನಾ ಕೇಳಿ ಕೇಳಿ ನಮಗೆ ಕೇಳಿಸದೇ ಹೋಗಿರುವುದನ್ನು. ಕೆನಡಾದ ಸಂಗೀತ ಸಂಯೋಜಕ ಮರ್ರೆ ಶೇಫರ್ ಮತ್ತು ಅವರ ತಂಡ 1970ರ ದಶಕದಲ್ಲಿ ವ್ಯಾಂಕೂವರ್ ನಗರದಲ್ಲಿ ಮಾಡಿದ್ದು ಇದನ್ನೇ. ಬಂದರಿನಲ್ಲಿ ಮಂಜು ಬಿದ್ದಾಗ ಊದುವ ಕೊಂಬು, ಗಂಟೆ, ಬೀದಿಯ ಗದ್ದಲ, ಎಲ್ಲವನ್ನೂ ಟೇಪಿಗೆ ಹಾಕಿಕೊಂಡರು. 1990ರ ದಶಕದಲ್ಲಿ ಅದೇ ಊರನ್ನು ಮತ್ತೆ ರೆಕಾರ್ಡ್ ಮಾಡಲಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಊರು ಬದಲಾಗಿದ್ದು ಕಿವಿಗೇ ಗೊತ್ತಾಗುತ್ತದೆ. ನಿಮ್ಮ ಮನೆಗೂ ಇದನ್ನು ಮಾಡಬಹುದು. ಕುಕ್ಕರ್ ಸೀಟಿ, ಅಪ್ಪ ಪೇಪರ್ ತಿರುವುವ ಸದ್ದು, ಗೇಟಿನ ಕಿರ್ರ್, ಬಸ್ ಕಂಡಕ್ಟರ್‌ನ "ರೈಟ್ ರೈಟ್".

ಈಗ ಹೇಗೆ ಅನ್ನೋದಕ್ಕೆ ಬರೋಣ. ದುಬಾರಿ ಮೈಕ್ ಬೇಡ, ಶುರುವಿಗೆ ಫೋನೇ ಸಾಕು. ಆದರೆ ಒಂದು ವಿಷಯ ಗೊತ್ತಿರಲಿ. ನಮ್ಮ ಕಿವಿಯ ಹಿಂದೆ ಮಿದುಳಿದೆ, ಅದು ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಗದ್ದಲದ ಮದುವೆ ಮನೆಯಲ್ಲೂ ನಿಮ್ಮ ಹೆಸರು ಕರೆದರೆ ಕೇಳಿಸುತ್ತದೆ. ಮೈಕ್‌ಗೆ ಆ ಆಯ್ಕೆ ಇಲ್ಲ, ಬಿದ್ದದ್ದನ್ನೆಲ್ಲ ಹಿಡಿಯುತ್ತದೆ. ಅದಕ್ಕೇ ಬೇಕಾದ ಶಬ್ದದ ಹತ್ತಿರ ಹೋಗಬೇಕು, ನೀವು ಅಂದುಕೊಂಡಿದ್ದಕ್ಕಿಂತ ಇನ್ನೂ ಹತ್ತಿರ. ಫೋನಿನ ಮುಖ್ಯ ಮೈಕ್ ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿ ಚಾರ್ಜಿಂಗ್ ತೂತಿನ ಪಕ್ಕ ಇರುತ್ತದೆ, ಅದಕ್ಕೆ ಬೆರಳು ಅಡ್ಡ ಬರಬಾರದು. ಕೈಯಲ್ಲಿ ಹಿಡಿದರೆ ಬೆರಳು ಉಜ್ಜುವ ಸದ್ದೇ ಜಾಸ್ತಿ, ಆದಷ್ಟೂ ಮೆತ್ತಗಿನ ಬಟ್ಟೆಯ ಮೇಲೆ ಇಡಿ. ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ಒಳ್ಳೇ ಹೊತ್ತಿಗೇ ಯಾರದ್ದಾದರೂ ಕಾಲ್ ಬರುತ್ತದೆ.

ದೊಡ್ಡ ಶತ್ರು ಗಾಳಿ. ನಮಗೆ ಹಿತವಾಗಿರುವ ತಂಗಾಳಿಯೂ ಮೈಕ್‌ಗೆ ಬುಸ್ ಬುಸ್ ಅನ್ನುವ ಹೊಡೆತ. ಮಲ್ಪೆ ಬೀಚಿನಲ್ಲಿ ಅಲೆ ರೆಕಾರ್ಡ್ ಮಾಡಿ ಮನೆಗೆ ಬಂದು ಕೇಳಿದರೆ ಅಲೆಯೇ ಇರುವುದಿಲ್ಲ. ಗಾಳಿಗೆ ಬೆನ್ನು ಹಾಕಿ ಮೈಯನ್ನೇ ಮರೆ ಮಾಡಿ ನಿಲ್ಲಿ, ಇಲ್ಲವೇ ಮೈಕ್ ಇರುವ ತುದಿಯನ್ನು ಉಣ್ಣೆ ಟೋಪಿಯೊಳಗೆ ತೂರಿಸಿ.

ಇನ್ನು ಸೆಟ್ಟಿಂಗ್. ಎಷ್ಟೋ ರೆಕಾರ್ಡರ್ ಆ್ಯಪ್‌ಗಳು ಮಾತಿಗಾಗಿ ಮಾಡಿದವು. ಒಂದೇ ಸಮ ಬರುವ ಶಬ್ದವನ್ನು ಗಲಾಟೆ ಅಂದುಕೊಂಡು ಅಳಿಸುತ್ತವೆ, ಅಂದರೆ ನೀವು ಹಿಡಿಯಲು ಕೂತ ಮಳೆಯನ್ನೇ ತೆಗೆದುಹಾಕುತ್ತವೆ. ನಾಯ್ಸ್ ರಿಡಕ್ಷನ್ ಅಂತ ಇದ್ದರೆ ಆಫ್ ಮಾಡಿ. ವೇವ್ ಅಥವಾ ಲಾಸ್‌ಲೆಸ್ ಆಯ್ಕೆ, ಅಂದರೆ ಶಬ್ದದ ಗುಣಮಟ್ಟ ಕಳೆಯದೆ ಉಳಿಸುವ ಫೈಲ್, ಇದ್ದರೆ ಅದನ್ನೇ ಹಾಕಿ. ಸೀಡಿ ಗುಣಮಟ್ಟದ ಸ್ಟೀರಿಯೋ ವೇವ್ ನಿಮಿಷಕ್ಕೆ ಸುಮಾರು 10 ಎಂಬಿ, ವಿಡಿಯೋ ಮುಂದೆ ಅದೇನೂ ಅಲ್ಲ. ಐಫೋನ್‌ನ ಲೈವ್ ಫೋಟೋದಲ್ಲೂ ಮೂರು ಸೆಕೆಂಡಿನ ಶಬ್ದ ಇರುತ್ತದೆ. ಕಡಿಮೆಯೇ, ಆದರೂ ಹಳೆಯವನ್ನು ಒಮ್ಮೆ ಒತ್ತಿ ಹಿಡಿದು ಕೇಳಿ, ಮರೆತೇಹೋದ ದನಿ ಸಿಕ್ಕರೂ ಸಿಕ್ಕಬಹುದು.

ಗುಂಡಿ ಒತ್ತಿದ ಮೇಲೆ ಎರಡು ನಿಮಿಷ ಮಾತಾಡಬೇಡಿ. ಇದೇ ಕಷ್ಟದ ಭಾಗ. ಕೊನೆಯಲ್ಲಿ ಮಾತ್ರ ನಿಮ್ಮ ದನಿಯಲ್ಲೇ ಊರು, ದಿನ, ಹೊತ್ತು ಹೇಳಿ ನಿಲ್ಲಿಸಿ. ಫೈಲಿನ ಹೆಸರು ಬದಲಾಗಬಹುದು, ತಾರೀಕು ಕಳೆದುಹೋಗಬಹುದು, ಒಳಗೆ ಹೇಳಿದ್ದು ಹೋಗುವುದಿಲ್ಲ. ಇದು ಹೊಸದೇನಲ್ಲ. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ "ಮೈ ನೇಮ್ ಈಸ್ ಗೌಹರ್ ಜಾನ್" ಅಂತ ಜೋರಾಗಿ ಹೇಳುತ್ತಿದ್ದರು, ದೂರದ ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಯಾರದ್ದು ಅಂತ ಗೊತ್ತಾಗಲಿ ಎಂದು. ಆಕೆ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ಹೆಸರು ಇವತ್ತೂ ತಟ್ಟೆಯ ಮೇಲೆ ಕೇಳಿಸುತ್ತದೆ.

ಫೋಟೋವನ್ನು ರೆಕಾರ್ಡಿಂಗ್ ಮುಗಿದ ಮೇಲೆ ತೆಗೆಯಿರಿ, ನಡುವೆ ತೆಗೆದರೆ ಕ್ಲಿಕ್ ಸದ್ದು ಸೇರಿಕೊಳ್ಳುತ್ತದೆ. ಎರಡು ನಿಮಿಷ ಕೇಳಿಸಿಕೊಂಡು ಕೂತವರ ಕಣ್ಣಿಗೆ ಬೇರೆಯದೇ ಕಾಣುತ್ತದೆ, ಇದು ನನಗೆ ಪ್ರತಿ ಸಲ ಆಗುವ ಅನುಭವ. ಚಂಡೆಯವರ ಮುಖದ ಬದಲು ಕೋಲು ಹಿಡಿದ ಬೆರಳಿನ ದಡ್ಡು, ಹೂವಿನ ರಾಶಿಯ ಬದಲು ಮೊಳ ಅಳೆಯುವ ಕೈ.

ಜನರ ದನಿ ಆದರೆ ಕೇಳಿಯೇ ಮಾಡಿ. "ಅಮ್ಮಾ, ನೀವು ಕೂಗೋದು ಚೆನ್ನಾಗಿದೆ, ರೆಕಾರ್ಡ್ ಮಾಡ್ಕೊಳ್ಲಾ?" ಅಂದರೆ ಬೇಡ ಅನ್ನುವವರು ಕಡಿಮೆ. ಪಕ್ಕದ ಟೇಬಲ್ಲಿನವರ ಮಾತನ್ನು ಕದ್ದು ಹಿಡಿಯುವುದು ಬೇಡವೇ ಬೇಡ. ಮಾಡಿದ ಮೇಲೆ ಅವರಿಗೆ ಇಯರ್‌ಫೋನ್ ಕೊಟ್ಟು ಕೇಳಿಸಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಫೋಟೋ ಕುಗ್ಗುತ್ತದೆ.

ನಾಳೆ ಬೆಳಗ್ಗೆ ಅಡುಗೆಮನೆಯಿಂದಲೇ ಶುರು ಮಾಡಿ. ಒಗ್ಗರಣೆಗೆ ಎಣ್ಣೆ ಇಡುವ ಮೊದಲೇ ಫೋನನ್ನು ಕಟ್ಟೆಯ ಮೇಲೆ ಬಟ್ಟೆ ಹಾಕಿ ಇಡಿ, ಸಾಸಿವೆ ಸಿಡಿದು ಕರಿಬೇವು ಬೀಳುವ ತನಕ ನಿಲ್ಲಿಸಬೇಡಿ. ಚಿಮಣಿ ಫ್ಯಾನ್ ಆಫ್ ಇರಲಿ.