ಜುಲೈ 31ರ ರಾತ್ರಿ

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಎಸೆಯುತ್ತ ಕತೆ ನಡೆಸುವ ಆಟ ರೋಲ್‌ಪ್ಲೇಯಿಂಗ್ ಗೇಮ್. ಅದಕ್ಕೆ ಹೊಸದಾಗಿ ಕತೆ ಕಟ್ಟುವವರು ನನಗೆ ತಂದು ತೋರಿಸುವುದು ಹೆಚ್ಚಾಗಿ ವೈರಗಳ ಪಟ್ಟಿ. ಎರಡು ಮನೆತನಕ್ಕೆ ಆಗಿಬರುವುದಿಲ್ಲ, ಊರಿಗೆ ರಾಜನ ಮೇಲೆ ಸಿಟ್ಟು. ಸರಿ, ಮೇಜಿನ ಸುತ್ತ ಕೂತ ನಾಲ್ವರು ಇವತ್ತು ಏನು ಮಾಡಬೇಕು? ವೈರ ಇಪ್ಪತ್ತು ವರ್ಷ ಸುಮ್ಮನೆ ಹೊಗೆಯಾಡುತ್ತಲೇ ಇರಬಲ್ಲದು.

ಮಲ್ಪೆ ಬಂದರನ್ನು ಇಟ್ಟುಕೊಂಡು ಒಂದು ಕತೆ ಬರೆದಿದ್ದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲದ ಮೀನು ನಾಡದೋಣಿಯವರದು. ದೋಣಿಯವರಿಗೂ ಬೋಟಿನವರಿಗೂ ಮುನಿಸು ಹಳೆಯದು. ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿದ ಲೈಟ್ ಫಿಶಿಂಗ್, ಅಂದರೆ ಪ್ರಖರ ದೀಪ ಹಾಕಿ ಮೀನನ್ನು ಸೆಳೆದು ಹಿಡಿಯುವುದು, ಆ ಬೆಂಕಿಗೆ ತುಪ್ಪ ಸುರಿದಿತ್ತು. ಇಷ್ಟನ್ನೇ ಬರೆದುಕೊಂಡು ಆಟ ನಡೆಸಿದೆ. ಆಟಗಾರರು ಎರಡೂ ಕಡೆಯವರನ್ನು ಮಾತಾಡಿಸಿ ವಾಪಸ್ ಬಂದರು. ಏನೂ ನಡೆಯಲಿಲ್ಲ.

ಮುಂದಿನ ವಾರ ಅದೇ ಕತೆಗೆ ತಾರೀಕು ಹಾಕಿದೆ: ಜುಲೈ 31, ರಾತ್ರಿ. ಬೋಟಿಗೆ ಐಸ್, ಡೀಸೆಲ್ ತುಂಬಿಯಾಗಿದೆ. ಸಾಲ ತೀರಬೇಕಾದರೆ ಈ ಮೊದಲ ಟ್ರಿಪ್ಪೇ ಗತಿ. ಬಲೆಯ ಅಡಿಯಲ್ಲಿ ಅಡಗಿಸಿಟ್ಟ ಜನರೇಟರ್, ಲೈಟುಗಳು ಬೋಟ್ ನಡೆಸುವ ತಂಡೇಲನ ತಂಗಿಯ ಕಣ್ಣಿಗೆ ಬೀಳುತ್ತವೆ. ಅವಳ ಗಂಡ ನಾಡದೋಣಿಯವನು.

ತಂಗಿಯ ಪಾತ್ರದ ಹುಡುಗಿ ದಾಳವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತಳು, ಎಸೆಯಲಿಲ್ಲ. ಕೊನೆಗೆ, "ಅಣ್ಣಾ, ನಾಳೆ ಬೆಳಗ್ಗೆ ನಾನು ಯಾರ ಮನೆಗೆ ಹೋಗಲಿ?" ಎಂದಳು. ಉಳಿದವರು ಫೋನ್ ಕೆಳಗಿಟ್ಟರು.

ವೈರ ಹಳೆಯದೇ. ಆದರೆ ಈಗ ಅದಕ್ಕೊಂದು ಗಡುವು ಬಂತು, ಎರಡೂ ಕಡೆಗೆ ಬೇಕಾದವಳೊಬ್ಬಳು ನಡುವೆ ಸಿಕ್ಕಿಕೊಂಡಳು. ಗಡುವು ಒಂದೇ ಇದ್ದರೆ ಬರೀ ಓಟ. ನಡುವಿನವಳು ಇಲ್ಲದೆ ಬಿಕ್ಕಟ್ಟು ಹುಟ್ಟುವುದಿಲ್ಲ, ಇದು ನನ್ನ ಖಚಿತ ಅಭಿಪ್ರಾಯ.

ವೇಷ, ಕುಣಿತವಿಲ್ಲದ ಯಕ್ಷಗಾನವಾದ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಗೊತ್ತಿರುವ ವಿದ್ಯೆ. ದಾಯಾದಿ ಮತ್ಸರ ಎಷ್ಟು ಕಾಲದ್ದೇ ಇರಲಿ, ಕೃಷ್ಣ ಬಂದು ಐದು ಊರು ಕೇಳಿದ ಮೇಲೆ ಕೌರವ ಆ ಸಭೆಯಲ್ಲೇ ಉತ್ತರ ಕೊಡಬೇಕು. ಪಾತ್ರದ ಮಾತಾಡುವ ಅರ್ಥಧಾರಿಗೆ ಪದ್ಯ ನಿಗದಿ, ಮಾತು ಅವನದೇ. ಆದರೆ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ನಮ್ಮ ಮೇಜಿನಲ್ಲಿ ಅದು ಯಾರಿಗೂ ಗೊತ್ತಿರಬಾರದು, ಆಟ ನಡೆಸುವ ಗೇಮ್ ಮಾಸ್ಟರ್‌ಗೂ. ಯಾರೂ ಏನೂ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನಷ್ಟೇ ಬರೆದಿಟ್ಟುಕೊಳ್ಳಿ.

ಆ ದಿನ ನನ್ನ ಪುಸ್ತಕದಲ್ಲಿದ್ದದ್ದು ಒಂದೇ ಸಾಲು: ನಾಲ್ಕು ಗಂಟೆಗೆ ಬೋಟ್ ಹೊರಡುತ್ತದೆ. ಮೂರೂವರೆಗೆ ತಂಗಿ ತಾನೇ ಹೋಗಿ ಹಗ್ಗ ಬಿಚ್ಚಿ, ಅಣ್ಣನ ಜೊತೆ ಬೋಟ್ ಹತ್ತಿದಳು.